ಮನೆಯ ಕಂಪ್ಯೂಟರ್ ಇದ್ದಕ್ಕಿದ್ದಂತೆ ಆನ್ ಆಗದಿದ್ದರೆ: ದೋಷ ಪತ್ತೆ ಹಚ್ಚುವ ಕ್ರಮ

ರಾತ್ರಿ ಸರಿಯಾಗಿ ಕೆಲಸ ಮಾಡಿ ಮುಚ್ಚಿಟ್ಟ ಡೆಸ್ಕ್‌ಟಾಪ್ ಕಂಪ್ಯೂಟರು ಬೆಳಿಗ್ಗೆ ಗುಂಡಿ ಒತ್ತಿದಾಗ ಮಿಸುಕದಿದ್ದರೆ ಹೆಚ್ಚಿನವರು ಮೊದಲು ಅನುಮಾನಿಸುವುದು ಎಲ್ಲ ಭಾಗಗಳನ್ನೂ ಜೋಡಿಸುವ ಮುಖ್ಯ ಹಲಗೆಯಾದ ಮದರ್‌ಬೋರ್ಡನ್ನು. ಅದು ದುಬಾರಿಯ ಅನುಮಾನ, ಮತ್ತು ಹಲವು ಸಲ ತಪ್ಪು ಅನುಮಾನ. ಗೋಡೆಯ ಸಾಕೆಟ್ಟಿನಿಂದ ಹೊರಟ ವಿದ್ಯುತ್ತು ಸ್ಪೈಕ್ ಬಸ್ಟರ್, ಯುಪಿಎಸ್, ಪವರ್ ಕಾರ್ಡ್, ಎಸ್‌ಎಂಪಿಎಸ್ (ಮನೆಯ ವಿದ್ಯುತ್ತನ್ನು ಕಂಪ್ಯೂಟರಿಗೆ ಬೇಕಾದ ಕಡಿಮೆ ವೋಲ್ಟೇಜಿನ ಡಿಸಿಯಾಗಿ ಬದಲಿಸುವ ಪೆಟ್ಟಿಗೆ) ಮತ್ತು 24 ಪಿನ್ನುಗಳ ಕನೆಕ್ಟರನ್ನು ದಾಟಿ ಮದರ್‌ಬೋರ್ಡನ್ನು ಸೇರುತ್ತದೆ. ಅಲ್ಲಿಯೂ ಕ್ಯಾಬಿನೆಟ್ಟಿನ ಮುಂಭಾಗದ ಸ್ವಿಚ್ಚಿನಿಂದ ಆದೇಶ ಬರುವವರೆಗೆ ಯಂತ್ರ ಎಚ್ಚರಗೊಳ್ಳುವುದಿಲ್ಲ. ಈ ದಾರಿಯಲ್ಲಿ ಯಾವ ಕೊಂಡಿ ಕಳಚಿದರೂ ಹೊರಗೆ ಕಾಣುವ ಲಕ್ಷಣ ಒಂದೇ ಆಗಿರುವುದರಿಂದ, ಯಾವುದೇ ಬಿಡಿಭಾಗವನ್ನು ಕೊಳ್ಳುವ ಮೊದಲು ವಿದ್ಯುತ್ತು ಎಲ್ಲಿಯವರೆಗೆ ಬಂದು ನಿಂತಿದೆ ಎಂಬುದನ್ನು ಕಂಡುಕೊಳ್ಳಬೇಕು. ನಲ್ಲಿಯಲ್ಲಿ ನೀರು ಬಾರದಿದ್ದಾಗ ಟ್ಯಾಂಕಿನಿಂದ ಕೆಳಕ್ಕೆ ಒಂದೊಂದೇ ವಾಲ್ವನ್ನು ನೋಡುತ್ತ ಬರುವ ಕ್ರಮವೇ ಇಲ್ಲಿಯೂ ನಡೆಯುತ್ತದೆ.

ಇದಕ್ಕೆ ಬೇಕಾದ ಸಲಕರಣೆಗಳು ಹೆಚ್ಚಿಲ್ಲ. ಒಂದು ಸ್ಟಾರ್ ಸ್ಕ್ರೂಡ್ರೈವರ್, ಒಂದು ಟಾರ್ಚ್, ಚೆನ್ನಾಗಿ ಉರಿಯುತ್ತದೆಂದು ಗೊತ್ತಿರುವ ಒಂದು ಟೇಬಲ್ ಲ್ಯಾಂಪ್ ಮತ್ತು ಸಾಧ್ಯವಾದರೆ ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಇದ್ದರೆ ಸಾಕು. ಮಲ್ಟಿಮೀಟರ್ ಇಲ್ಲದೆಯೂ ಅರ್ಧಕ್ಕಿಂತ ಹೆಚ್ಚು ದಾರಿಯನ್ನು ಕ್ರಮಿಸಬಹುದು. ಆದರೆ ಅದು ಇದ್ದರೆ ಊಹೆಗೆ ಆಸ್ಪದ ಉಳಿಯುವುದಿಲ್ಲ.

ಮುಟ್ಟುವ ಮೊದಲು

ಸುಟ್ಟ ವಾಸನೆ, ಹೊಗೆ ಅಥವಾ ‘ಟಪ್’ ಎಂಬ ಸದ್ದಿನೊಂದಿಗೆ ಕಂಪ್ಯೂಟರ್ ನಿಂತಿದ್ದರೆ ಅದನ್ನು ಮತ್ತೊಮ್ಮೆ ಆನ್ ಮಾಡಿ ನೋಡುವ ಕುತೂಹಲವನ್ನು ಬಿಡಬೇಕು. ಪ್ಲಗ್ ಹಾಕಿದ ಕೂಡಲೇ ಮನೆಯ ಎಂಸಿಬಿ (ವಿದ್ಯುತ್ತು ಮಿತಿಮೀರಿದಾಗ ತಾನಾಗಿ ಕಡಿತಗೊಳಿಸುವ ಸ್ವಿಚ್) ಬೀಳುತ್ತಿದ್ದರೂ ಇದೇ ಮಾತು ಅನ್ವಯಿಸುತ್ತದೆ: ಬೇರೆ ಪವರ್ ಕಾರ್ಡ್ ಹಾಕಿದಾಗಲೂ ಎಂಸಿಬಿ ಬಿದ್ದರೆ ಎಸ್‌ಎಂಪಿಎಸ್‌ನ ಒಳಭಾಗದಲ್ಲಿ ಶಾರ್ಟ್ ಆಗಿದೆ ಎಂದು ತಿಳಿಯಬೇಕು, ಮುಂದಿನ ಪರೀಕ್ಷೆಗಳ ಅಗತ್ಯವಿಲ್ಲ.

ಕ್ಯಾಬಿನೆಟ್ಟನ್ನು ತೆರೆಯುವಾಗ, ತಂತಿಗಳನ್ನು ಕಳಚುವಾಗ ಮತ್ತು ಜೋಡಿಸುವಾಗ ಪ್ಲಗ್ಗನ್ನು ಗೋಡೆಯಿಂದ ಕಿತ್ತಿರಬೇಕು. ಸ್ವಿಚ್ ಆಫ್ ಮಾಡಿದರೆ ಸಾಲದು, ಏಕೆಂದರೆ ವೈರಿಂಗ್ ಮಾಡಿದವರು ಫೇಸ್ ಬದಲಿಗೆ ನ್ಯೂಟ್ರಲ್ ತಂತಿಯನ್ನು ಸ್ವಿಚ್ಚಿಗೆ ಕೊಟ್ಟಿರುವ ಮನೆಗಳೂ ಇವೆ; ಅಲ್ಲಿ ಸ್ವಿಚ್ ಆರಿಸಿದರೂ ಫೇಸ್ ಒಳಗೆ ಬಂದೇ ಇರುತ್ತದೆ. ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬಾರದು. 230 ವೋಲ್ಟ್ ಎಸಿ ಅದರೊಳಗೆ ಡಿಸಿಯಾಗಿ ಬದಲಾದಾಗ 300 ವೋಲ್ಟ್‌ಗೂ ಮೀರಿ ದೊಡ್ಡ ಕೆಪ್ಯಾಸಿಟರಿನಲ್ಲಿ ಸಂಗ್ರಹವಾಗುತ್ತದೆ. ಪ್ಲಗ್ ಕಿತ್ತ ಮೇಲೂ ಅದು ಅಲ್ಲಿ ಸ್ವಲ್ಪ ಕಾಲ ಉಳಿದಿರಬಹುದು. ಅದರಲ್ಲೂ ಕೆಟ್ಟುನಿಂತ ಎಸ್‌ಎಂಪಿಎಸ್‌ನಲ್ಲಿ ಆ ಚಾರ್ಜು ಖಾಲಿಯಾಗುವ ದಾರಿಯೇ ಮುಚ್ಚಿಹೋಗಿರುವ ಸಾಧ್ಯತೆ ಇರುತ್ತದೆ. ಒಳಗಿನ ಫ್ಯೂಸ್ ಬದಲಿಸಿದರೆ ಸರಿಯಾದೀತು ಎಂಬ ಸಲಹೆಯನ್ನು ಯಾರಾದರೂ ಕೊಟ್ಟರೆ ಕೇಳಬೇಡಿ. ಆ ಫ್ಯೂಸ್ ತಾನಾಗಿ ಹೋಗುವುದು ಅಪರೂಪ. ಬೇರೇನೋ ಸುಟ್ಟುದರ ಪರಿಣಾಮವಾಗಿಯೇ ಅದು ಹೋಗಿರುತ್ತದೆ.

ಮೈಯಲ್ಲಿನ ಸ್ಥಿರ ವಿದ್ಯುತ್ತಿನಿಂದ ರ‍್ಯಾಮ್ ಮತ್ತು ಮದರ್‌ಬೋರ್ಡ್ ಹಾಳಾಗಬಹುದಾದ್ದರಿಂದ, ಅವುಗಳನ್ನು ಮುಟ್ಟುವ ಮುನ್ನ ಕ್ಯಾಬಿನೆಟ್ಟಿನ ಬಣ್ಣ ಬಳಿಯದ ಲೋಹದ ಭಾಗವನ್ನು ಒಮ್ಮೆ ಮುಟ್ಟುವ ರೂಢಿಯನ್ನು ಇಟ್ಟುಕೊಳ್ಳಬೇಕು.

ಯಾವ ಬಗೆಯ ತೊಂದರೆ ಎಂಬುದನ್ನು ಮೊದಲು ಗುರುತಿಸಬೇಕು

ಗುಂಡಿ ಒತ್ತಿದಾಗ ಏನು ಕಾಣುತ್ತದೆ, ಏನು ಕೇಳಿಸುತ್ತದೆ ಎಂಬುದನ್ನು ಕೋಣೆಯ ಫ್ಯಾನ್ ಆರಿಸಿ, ಗಮನವಿಟ್ಟು ನೋಡಬೇಕು. ದೀಪವಿಲ್ಲ, ಫ್ಯಾನ್ ತಿರುಗುವುದಿಲ್ಲ, ಸದ್ದೇ ಇಲ್ಲ ಎಂಬುದು ಒಂದು ಸ್ಥಿತಿ. ಫ್ಯಾನ್ ಅರೆಕ್ಷಣ ಮಿಸುಕಿ ಅಥವಾ ಒಂದೆರಡು ಸೆಕೆಂಡ್ ತಿರುಗಿ ನಿಂತುಬಿಡುವುದು ಎರಡನೆಯದು. ಫ್ಯಾನ್ ತಿರುಗುತ್ತಲೇ ಇರುತ್ತದೆ, ದೀಪವೂ ಉರಿಯುತ್ತದೆ, ಆದರೆ ಪರದೆಯ ಮೇಲೆ ಏನೂ ಮೂಡುವುದಿಲ್ಲ ಎಂಬುದು ಮೂರನೆಯದು. ಈ ಮೂರೂ ಬೇರೆ ಬೇರೆ ದೋಷಗಳಾಗಿದ್ದು, ಮೊದಲನೆಯದರಲ್ಲಿ ವಿದ್ಯುತ್ತು ಬಂದೇ ಇಲ್ಲ ಅಥವಾ ಆದೇಶ ತಲುಪಿಲ್ಲ. ಎರಡನೆಯದರಲ್ಲಿ ವಿದ್ಯುತ್ತು ಬಂದರೂ ಎಲ್ಲಿಯೋ ಶಾರ್ಟ್ ಇರುವುದರಿಂದ ಎಸ್‌ಎಂಪಿಎಸ್ ತನ್ನ ರಕ್ಷಣೆಗಾಗಿ ತಾನೇ ನಿಂತಿರಬಹುದು. ಮೂರನೆಯದರಲ್ಲಿ ವಿದ್ಯುತ್ತಿನ ತೊಂದರೆ ಇರುವ ಸಾಧ್ಯತೆ ಕಡಿಮೆ. ದುರಸ್ತಿ ಅಂಗಡಿಯವರಿಗೆ ಫೋನ್ ಮಾಡುವಾಗಲೂ ಈ ವಿವರವನ್ನು ಹೇಳಿದರೆ ಅವರ ಅರ್ಧ ಕೆಲಸ ಮುಗಿಯುತ್ತದೆ.

ಈ ಲೇಖನದ ಹೆಚ್ಚಿನ ಭಾಗ ಮೊದಲನೆಯ ಸ್ಥಿತಿಯನ್ನು ಕುರಿತದ್ದು. ಉಳಿದೆರಡನ್ನು ಮುಂದೆ ಸಂಕ್ಷೇಪವಾಗಿ ನೋಡೋಣ.

ಗೋಡೆಯಿಂದ ಕ್ಯಾಬಿನೆಟ್ಟಿನವರೆಗೆ

ಸಾಕೆಟ್ಟಿನಲ್ಲಿ ವಿದ್ಯುತ್ತು ಇದೆಯೇ ಎಂದು ನೋಡಲು ನಮ್ಮ ಮನೆಗಳಲ್ಲಿ ಟೆಸ್ಟರ್ ಬಳಸುವುದು ವಾಡಿಕೆ. ಆದರೆ ಟೆಸ್ಟರ್ ತೋರಿಸುವುದು ಫೇಸ್ ಇದೆಯೇ ಎಂಬುದನ್ನು ಮಾತ್ರ. ನ್ಯೂಟ್ರಲ್ ತಂತಿ ಸಡಿಲವಾಗಿದ್ದರೆ ಅಥವಾ ಕಡಿದುಹೋಗಿದ್ದರೆ ಟೆಸ್ಟರಿನ ದೀಪ ಚೆನ್ನಾಗಿಯೇ ಉರಿಯುತ್ತದೆ, ಆದರೆ ಆ ಸಾಕೆಟ್ಟಿಗೆ ಸಿಕ್ಕಿಸಿದ ಯಾವ ಉಪಕರಣವೂ ಕೆಲಸ ಮಾಡುವುದಿಲ್ಲ. ಆದ್ದರಿಂದ ಟೆಸ್ಟರನ್ನು ಬದಿಗಿಟ್ಟು ಟೇಬಲ್ ಲ್ಯಾಂಪನ್ನು ಅದೇ ಸಾಕೆಟ್ಟಿಗೆ ಸಿಕ್ಕಿಸಿ ನೋಡಬೇಕು. ದೀಪ ಮಂಕಾಗಿ ಉರಿದರೆ ಅಥವಾ ಮಿನುಗಿದರೆ ವೋಲ್ಟೇಜ್ ಕುಸಿದಿದೆ ಅಥವಾ ಸಂಪರ್ಕ ಸಡಿಲವಾಗಿದೆ ಎಂದು ಅನುಮಾನಿಸಬಹುದು. ಎಲ್‌ಇಡಿ ಬಲ್ಬುಗಳು ಕಡಿಮೆ ವೋಲ್ಟೇಜಿನಲ್ಲಿಯೂ ಒಂದೇ ಸಮನೆ ಉರಿಯುವುದರಿಂದ ಈ ಪರೀಕ್ಷೆಗೆ ಹಳೆಯ ತಂತಿಬಲ್ಬ್ ಸಿಕ್ಕರೆ ಹೆಚ್ಚು ಒಳ್ಳೆಯದು. ಪಂಪ್‌ಸೆಟ್ಟುಗಳು ಓಡುವ ಹೊತ್ತಿನಲ್ಲಿ ವೋಲ್ಟೇಜ್ ಬೀಳುವ ಊರುಗಳಲ್ಲಿ ಕಂಪ್ಯೂಟರ್ ಹಗಲು ಆನ್ ಆಗದೆ ರಾತ್ರಿ ತಾನಾಗಿ ಆನ್ ಆಗುವುದುಂಟು. ಎಸ್‌ಎಂಪಿಎಸ್‌ನ ಲೇಬಲ್ ಮೇಲೆ ‘200-240’ ಎಂದು ಬರೆದಿದ್ದರೆ ಅದಕ್ಕಿಂತ ಬಹಳ ಕೆಳಗಿನ ವೋಲ್ಟೇಜಿನಲ್ಲಿ ಅದು ಕೆಲಸ ಮಾಡಬೇಕೆಂದು ನಿರೀಕ್ಷಿಸಲಾಗದು. ‘100-240’ ಎಂದಿದ್ದರೆ ಆ ಚಿಂತೆ ಇಲ್ಲ. ಇಡೀ ಬೀದಿಯಲ್ಲಿಯೇ ವೋಲ್ಟೇಜ್ ಏರುಪೇರಾಗಿದ್ದರೆ ಅದು ಕಂಪ್ಯೂಟರಿನ ಸಮಸ್ಯೆಯಲ್ಲ. ವಿದ್ಯುತ್ ಸರಬರಾಜು ಕಂಪನಿಗಳ ಸಹಾಯವಾಣಿಯಾದ 1912ಕ್ಕೆ ಕರೆ ಮಾಡಬೇಕು.

ಸಾಕೆಟ್ ಸರಿಯಿದ್ದರೆ ನಡುವಿನ ಎಲ್ಲವನ್ನೂ ತೆಗೆದುಬಿಡಬೇಕು. ಸ್ಪೈಕ್ ಬಸ್ಟರ್, ಎಕ್ಸ್‌ಟೆನ್ಷನ್ ಬಾಕ್ಸ್, ಯುಪಿಎಸ್ ಇವುಗಳನ್ನು ಬಿಟ್ಟು, ಕಂಪ್ಯೂಟರನ್ನು ನೇರವಾಗಿ ಗೋಡೆಯ ಸಾಕೆಟ್ಟಿಗೆ ಸಿಕ್ಕಿಸಿ ಆನ್ ಮಾಡಿ ನೋಡಬೇಕು. ಗೃಹಬಳಕೆಯ ಚಿಕ್ಕ ಯುಪಿಎಸ್‌ಗಳಲ್ಲಿ ಸಾಮಾನ್ಯವಾಗಿ 12 ವೋಲ್ಟಿನ ಒಂದು ಮುಚ್ಚಿದ ಬ್ಯಾಟರಿ ಇರುತ್ತದೆ. ಕೆಲವು ವರ್ಷಗಳಲ್ಲಿ ಅದು ಸತ್ತುಹೋದಾಗ, ಮನೆಯಲ್ಲಿ ಕರೆಂಟ್ ಇದ್ದರೂ ಹಲವು ಮಾದರಿಯ ಯುಪಿಎಸ್‌ಗಳು ಆನ್ ಆಗುವುದೇ ಇಲ್ಲ. ಹಾಗಾದಾಗ ದೋಷವೆಲ್ಲ ಯುಪಿಎಸ್‌ನದು, ಕಂಪ್ಯೂಟರಿನದಲ್ಲ. ಯುಪಿಎಸ್ ಹಿಂಬದಿಯಲ್ಲಿ ಒಂದು ಫ್ಯೂಸ್ ಅಥವಾ ಒತ್ತಿ ಸರಿಪಡಿಸಬಹುದಾದ ಬ್ರೇಕರ್ ಗುಂಡಿ ಇರುವುದನ್ನೂ ನೋಡಿಕೊಳ್ಳಬೇಕು.

ಮಾನಿಟರಿಗೂ ಕ್ಯಾಬಿನೆಟ್ಟಿಗೂ ಬರುವ ಪವರ್ ಕಾರ್ಡ್ ಸಾಮಾನ್ಯವಾಗಿ ಒಂದೇ ಬಗೆಯದಾಗಿರುತ್ತದೆ. ಮಾನಿಟರಿನ ಕಾರ್ಡನ್ನು ಕಿತ್ತು ಕ್ಯಾಬಿನೆಟ್ಟಿಗೆ ಹಾಕಿ ನೋಡುವುದಕ್ಕೆ ಒಂದು ನಿಮಿಷ ಸಾಕು. ಖರ್ಚಿಲ್ಲದ ಪರೀಕ್ಷೆಗಳಲ್ಲಿ ಇದಕ್ಕಿಂತ ಉಪಯುಕ್ತವಾದುದು ಮತ್ತೊಂದಿಲ್ಲ. ಕಾರ್ಡಿನ ತುದಿ ಎಸ್‌ಎಂಪಿಎಸ್‌ನೊಳಗೆ ಗಟ್ಟಿಯಾಗಿ ಕೂತಿದೆಯೇ, ಸಡಿಲವಾಗಿ ಅಲುಗಾಡುತ್ತದೆಯೇ, ಕಪ್ಪಾಗಿದೆಯೇ, ಮೇಜಿನ ಹಿಂದೆ ಇಲಿ ಕಡಿದ ಗುರುತಿದೆಯೇ ಎಂಬುದನ್ನೂ ನೋಡಬೇಕು.

ಹಲವು ಎಸ್‌ಎಂಪಿಎಸ್‌ಗಳ ಹಿಂಬದಿಯಲ್ಲಿ ಒಂದು ಪುಟ್ಟ ಸ್ವಿಚ್ ಇರುತ್ತದೆ. ಅದರ ಮೇಲಿನ ಗೆರೆಯ ಗುರುತು ಆನ್ ಎಂದೂ ಸೊನ್ನೆಯ ಗುರುತು ಆಫ್ ಎಂದೂ ಸೂಚಿಸುತ್ತದೆ. ಗುಡಿಸಿ ಒರೆಸುವಾಗ ಕೈತಾಗಿ ಈ ಸ್ವಿಚ್ ಆಫ್ ಆಗಿರುವುದು ನೀವು ಊಹಿಸುವುದಕ್ಕಿಂತ ಹೆಚ್ಚು ಸಲ ನಡೆಯುತ್ತದೆ. ಹಳೆಯ ಎಸ್‌ಎಂಪಿಎಸ್‌ಗಳಲ್ಲಿ ಇದರ ಪಕ್ಕದಲ್ಲಿಯೇ 115 ಮತ್ತು 230 ಎಂಬ ಅಂಕಿಗಳಿರುವ ಕೆಂಪು ಸ್ವಿಚ್ಚೊಂದು ಇರುತ್ತದೆ. ಅದು ನಮ್ಮ ದೇಶದಲ್ಲಿ ಯಾವಾಗಲೂ 230ರಲ್ಲಿಯೇ ಇರಬೇಕು. ಮಕ್ಕಳು ಆಟಕ್ಕೆ ಅದನ್ನು 115ಕ್ಕೆ ಸರಿಸಿದ್ದು, ಆಮೇಲೆ ಯಾರೋ ಕಂಪ್ಯೂಟರ್ ಆನ್ ಮಾಡಿದ್ದರೆ ಎಸ್‌ಎಂಪಿಎಸ್ ಸುಟ್ಟಿರುವುದು ಬಹುತೇಕ ಖಚಿತ.

ಇಷ್ಟಾದ ಮೇಲೆ ಪ್ಲಗ್ ಕಿತ್ತು, ಮುಂಭಾಗದ ಪವರ್ ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದು, ಒಂದೆರಡು ನಿಮಿಷ ಬಿಟ್ಟು ಮತ್ತೆ ಪ್ಲಗ್ ಹಾಕಿ ನೋಡಬೇಕು. ಇದು ಮಂತ್ರವಲ್ಲ. ವಿದ್ಯುತ್ತಿನ ಏರಿಳಿತದಿಂದಾಗಿ ಎಸ್‌ಎಂಪಿಎಸ್‌ನ ರಕ್ಷಣಾ ವ್ಯವಸ್ಥೆ ಎಚ್ಚೆತ್ತು ಸ್ಥಗಿತಗೊಂಡಿದ್ದರೆ, ಉಳಿದ ಚಾರ್ಜು ಪೂರ್ತಿ ಖಾಲಿಯಾಗುವವರೆಗೆ ಅದು ಅದೇ ಸ್ಥಿತಿಯಲ್ಲಿ ಉಳಿಯುತ್ತದೆ. ಹೀಗೆ ಬರಿದುಮಾಡಿದಾಗ ಅದು ಹೊಸದಾಗಿ ಆರಂಭವಾಗುತ್ತದೆ. ಗುಡುಗು ಸಿಡಿಲಿನ ರಾತ್ರಿಯ ನಂತರ ನಿಂತಿರುವ ಕಂಪ್ಯೂಟರುಗಳು ಕೆಲವು ಸಲ ಇಷ್ಟಕ್ಕೇ ಸರಿಹೋಗುತ್ತವೆ.

ಕ್ಯಾಬಿನೆಟ್ಟಿನ ಲೋಹವನ್ನು ಮುಟ್ಟಿದಾಗ ಸಣ್ಣಗೆ ಜುಮ್ಮೆನ್ನುತ್ತಿದ್ದರೆ ಅದನ್ನು ಬೇರೆಯದೇ ದೂರಾಗಿ ಪರಿಗಣಿಸಬೇಕು. ಎಸ್‌ಎಂಪಿಎಸ್‌ನ ಪ್ರವೇಶದಲ್ಲಿರುವ ಫಿಲ್ಟರ್ ಕೆಪ್ಯಾಸಿಟರುಗಳು ಅತ್ಯಲ್ಪ ವಿದ್ಯುತ್ತನ್ನು ಲೋಹದ ಹೊರಮೈಗೆ ಬಿಡುತ್ತವೆ, ಅರ್ತಿಂಗ್ ಸರಿಯಿದ್ದರೆ ಅದು ನೆಲಕ್ಕೆ ಹರಿದುಹೋಗುತ್ತದೆ, ಸರಿಯಿಲ್ಲದಿದ್ದರೆ ನಿಮ್ಮ ಬೆರಳಿಗೆ ತಾಗುತ್ತದೆ. ಇದು ಕಂಪ್ಯೂಟರ್ ಆನ್ ಆಗದಿರುವುದಕ್ಕೆ ನೇರ ಕಾರಣವಲ್ಲದಿದ್ದರೂ, ಅರ್ತಿಂಗ್ ಇಲ್ಲದ ಮನೆಯಲ್ಲಿ ಸ್ಪೈಕ್ ಬಸ್ಟರಿನ ರಕ್ಷಣೆಯೂ ಅರೆಬರೆಯಾಗುವುದರಿಂದ ಎಲೆಕ್ಟ್ರಿಷಿಯನ್ ಅವರನ್ನು ಕರೆಸಿ ಸರಿಪಡಿಸಿಕೊಳ್ಳಬೇಕಾದ ಸಂಗತಿ ಇದು.

ಕ್ಯಾಬಿನೆಟ್ಟಿನ ಒಳಗೆ

ಪ್ಲಗ್ ಕಿತ್ತು, ಪಕ್ಕದ ಮುಚ್ಚಳವನ್ನು ತೆಗೆದ ಮೇಲೆ ಮೊದಲು ಕಣ್ಣು ಮತ್ತು ಮೂಗುಗಳಿಗೆ ಕೆಲಸ ಕೊಡಬೇಕು. ಎಸ್‌ಎಂಪಿಎಸ್‌ನ ಜಾಲರಿಯ ಬಳಿ ಸುಟ್ಟ ವಾಸನೆ ಇದೆಯೇ ಎಂದು ನೋಡಿ. ಟಾರ್ಚ್ ಹಿಡಿದು ಮದರ್‌ಬೋರ್ಡಿನ ಮೇಲಿರುವ ಕೊಳವೆಯಾಕಾರದ ಕೆಪ್ಯಾಸಿಟರುಗಳ ನೆತ್ತಿ ಚಪ್ಪಟೆಯಾಗಿದೆಯೇ ಅಥವಾ ಉಬ್ಬಿದೆಯೇ, ಬುಡದಲ್ಲಿ ಕಂದುಬಣ್ಣದ ದ್ರವ ಒಸರಿದೆಯೇ ಎಂದು ಪರೀಕ್ಷಿಸಬೇಕು. 2000ದ ದಶಕದ ಆರಂಭದ ಬೋರ್ಡುಗಳಲ್ಲಿ ಈ ತೊಂದರೆ ಜಗತ್ತಿನಾದ್ಯಂತ ಕಾಣಿಸಿಕೊಂಡಿತ್ತು. ಈಚಿನ ಬೋರ್ಡುಗಳಲ್ಲಿ ಘನ ಪಾಲಿಮರ್ ಕೆಪ್ಯಾಸಿಟರುಗಳ ಬಳಕೆ ಹೆಚ್ಚಿರುವುದರಿಂದ ಇದು ವಿರಳ. ನಮ್ಮ ಹವೆಯಲ್ಲಿ ಧೂಳಿನ ಜೊತೆಗೆ ಇರುವೆ, ಜಿರಳೆ, ಹಲ್ಲಿಗಳೂ ಬೆಚ್ಚಗಿನ ಕ್ಯಾಬಿನೆಟ್ಟನ್ನು ಹುಡುಕಿಕೊಂಡು ಬರುತ್ತವೆ. ಎಸ್‌ಎಂಪಿಎಸ್‌ನೊಳಗೆ ಸಿಕ್ಕಿಬಿದ್ದ ಹಲ್ಲಿ ಅದನ್ನು ಶಾಶ್ವತವಾಗಿ ಮುಗಿಸಿರುವುದುಂಟು.

ಬಳಿಕ 24 ಪಿನ್ನುಗಳ ದೊಡ್ಡ ಕನೆಕ್ಟರನ್ನೂ ಪ್ರೊಸೆಸರ್ ಪಕ್ಕದಲ್ಲಿರುವ 4 ಅಥವಾ 8 ಪಿನ್ನುಗಳ ಕನೆಕ್ಟರನ್ನೂ ಕಳಚಿ, ಕ್ಲಿಪ್ ಕಚ್ಚಿಕೊಳ್ಳುವಂತೆ ಮತ್ತೆ ಒತ್ತಿ ಕೂರಿಸಬೇಕು. ಮುಂಭಾಗದ ಯುಎಸ್‌ಬಿ ಪೋರ್ಟುಗಳನ್ನು ಟಾರ್ಚಿನ ಬೆಳಕಿನಲ್ಲಿ ನೋಡಬೇಕು: ಪೆನ್‌ಡ್ರೈವ್‌ಗಳನ್ನು ತಿರುವುಮುರುವಾಗಿ ಒತ್ತಿದ್ದರಿಂದ ಒಳಗಿನ ಪಿನ್ನುಗಳು ಬಾಗಿ ಒಂದಕ್ಕೊಂದು ತಾಗಿದ್ದರೆ, ಆ ಚಿಕ್ಕ ಶಾರ್ಟ್ ಇಡೀ ಕಂಪ್ಯೂಟರನ್ನು ಆನ್ ಆಗದಂತೆ ತಡೆಯಬಲ್ಲದು. ಹೊರಗಿನಿಂದ ಸಿಕ್ಕಿಸಿದ ಪ್ರಿಂಟರ್, ಪೆನ್‌ಡ್ರೈವ್, ಮೊಬೈಲ್ ಕೇಬಲ್ ಎಲ್ಲವನ್ನೂ ಕಿತ್ತು ಒಮ್ಮೆ ಪ್ರಯತ್ನಿಸಿ ನೋಡಬೇಕು.

ಈಗ ಪ್ಲಗ್ ಹಾಕಿ, ಎಸ್‌ಎಂಪಿಎಸ್ ಸ್ವಿಚ್ ಆನ್ ಮಾಡಿ, ಗುಂಡಿಯನ್ನು ಒತ್ತದೆ, ಮದರ್‌ಬೋರ್ಡನ್ನು ಸುಮ್ಮನೆ ನೋಡಬೇಕು. ಕಂಪ್ಯೂಟರ್ ಆಫ್ ಆಗಿದ್ದಾಗಲೂ ಎಸ್‌ಎಂಪಿಎಸ್ 5 ವೋಲ್ಟಿನ ಒಂದು ಸಣ್ಣ ಸ್ಟ್ಯಾಂಡ್‌ಬೈ ವಿದ್ಯುತ್ತನ್ನು ಮದರ್‌ಬೋರ್ಡಿಗೆ ಕೊಡುತ್ತಲೇ ಇರುತ್ತದೆ. ಗುಂಡಿ ಒತ್ತಿದ್ದನ್ನು ಬೋರ್ಡ್ ಗುರುತಿಸುವುದು ಈ ವಿದ್ಯುತ್ತಿನ ಬಲದಿಂದಲೇ. ಅನೇಕ ಬೋರ್ಡುಗಳಲ್ಲಿ ಇದನ್ನು ಸೂಚಿಸುವ ಪುಟ್ಟ ಎಲ್‌ಇಡಿ ಉರಿಯುತ್ತದೆ. ಅದಿಲ್ಲದಿದ್ದರೆ ಲ್ಯಾನ್ ಪೋರ್ಟಿನ (ಇಂಟರ್ನೆಟ್ ಕೇಬಲ್ ಸಿಕ್ಕಿಸುವ ಜಾಗದ) ದೀಪವನ್ನೋ ಮೌಸಿನ ಕೆಳಗಿನ ಕೆಂಪು ಬೆಳಕನ್ನೋ ನೋಡಬಹುದು. ಇವುಗಳಲ್ಲಿ ಒಂದಾದರೂ ಬೆಳಗುತ್ತಿದ್ದರೆ ಗೋಡೆಯಿಂದ ಬೋರ್ಡಿನವರೆಗೆ ವಿದ್ಯುತ್ತು ಬಂದಿದೆ, ಮುಂದಿನ ಅನುಮಾನ ಸ್ವಿಚ್ಚಿನ ಮೇಲೆ. ಯಾವುದೂ ಬೆಳಗದಿದ್ದರೆ ಅನುಮಾನ ಎಸ್‌ಎಂಪಿಎಸ್ ಮೇಲೆ, ಆದರೆ ಅದನ್ನು ಅಳೆದೇ ತೀರ್ಮಾನಿಸಬೇಕು.

ಸ್ವಿಚ್ಚಿನ ಪರೀಕ್ಷೆ

ಮುಂಭಾಗದ ಪವರ್ ಗುಂಡಿ ಕಂಪ್ಯೂಟರಿನ ಅತಿ ಅಗ್ಗದ ಭಾಗಗಳಲ್ಲೊಂದು, ಮತ್ತು ವರ್ಷಗಟ್ಟಲೆ ಒತ್ತಿಸಿಕೊಂಡು ಸವೆಯುವ ಭಾಗ. ಅದರಿಂದ ಹೊರಟ ಎರಡು ತೆಳುವಾದ ತಂತಿಗಳು ಮದರ್‌ಬೋರ್ಡಿನ ಕೆಳ ಅಂಚಿನ ಪಿನ್ನುಗಳ ಗುಂಪಿನಲ್ಲಿ ‘ಪವರ್ ಸ್ವಿಚ್’ ಎಂದು ಗುರುತಿಸಿದ ಎರಡು ಪಿನ್ನುಗಳಿಗೆ ಸೇರಿರುತ್ತವೆ. ಯಾವ ಎರಡು ಎಂಬುದು ಬೋರ್ಡಿನ ಕೈಪಿಡಿಯಲ್ಲಿ ಇರುತ್ತದೆ. ಕೈಪಿಡಿ ಕಳೆದುಹೋಗಿದ್ದರೆ ಬೋರ್ಡಿನ ಮೇಲೆ ಮುದ್ರಿತವಾಗಿರುವ ಮಾದರಿಯ ಹೆಸರನ್ನು ಹುಡುಕಿ ತಯಾರಕರ ಜಾಲತಾಣದಿಂದ ಇಳಿಸಿಕೊಳ್ಳಬಹುದು.

ಸುಲಭದ ಉಪಾಯವೆಂದರೆ, ಪವರ್ ಸ್ವಿಚ್ಚಿನ ತಂತಿಯನ್ನು ಕಿತ್ತು ಅದರ ಜಾಗಕ್ಕೆ ರೀಸೆಟ್ ಸ್ವಿಚ್ಚಿನ ತಂತಿಯನ್ನು ಹಾಕುವುದು. ಎರಡೂ ಒಂದೇ ಬಗೆಯ ಸ್ವಿಚ್ಚುಗಳು. ಒತ್ತಿದಾಗ ಎರಡು ಪಿನ್ನುಗಳನ್ನು ಕ್ಷಣಕಾಲ ಜೋಡಿಸುವುದಷ್ಟೇ ಅವುಗಳ ಕೆಲಸ. ರೀಸೆಟ್ ಗುಂಡಿ ಒತ್ತಿದಾಗ ಕಂಪ್ಯೂಟರ್ ಆನ್ ಆದರೆ ದೋಷ ಸಿಕ್ಕಿತು, ಮತ್ತು ಹಾಗೆಯೇ ಬಿಟ್ಟು ರೀಸೆಟ್ ಗುಂಡಿಯನ್ನೇ ಪವರ್ ಗುಂಡಿಯಾಗಿ ವರ್ಷಗಟ್ಟಲೆ ಬಳಸಿದರೂ ತೊಂದರೆಯೇನಿಲ್ಲ. ರೀಸೆಟ್ ಗುಂಡಿ ಇಲ್ಲದ ಕ್ಯಾಬಿನೆಟ್ಟಾದರೆ, ತಂತಿಗಳನ್ನು ತೆಗೆದು ಆ ಎರಡು ಪಿನ್ನುಗಳನ್ನು ಸ್ಕ್ರೂಡ್ರೈವರಿನ ತುದಿಯಿಂದ ಒಂದು ಸೆಕೆಂಡ್ ಮುಟ್ಟಿಸಬಹುದು. ಅಲ್ಲಿರುವ ವೋಲ್ಟೇಜ್ ಅತ್ಯಲ್ಪವಾದ್ದರಿಂದ ಶಾಕ್ ಹೊಡೆಯುವುದಿಲ್ಲ, ಆದರೆ ಪಕ್ಕದ ಬೇರೆ ಪಿನ್ನುಗಳಿಗೆ ತಾಗದಂತೆ ಕೈ ಸ್ಥಿರವಾಗಿರಬೇಕು.

ಇದಕ್ಕೆ ವಿರುದ್ಧವಾದ ದೋಷವೂ ಒಂದಿದೆ. ಗುಂಡಿ ಒಳಗೇ ಸಿಕ್ಕಿಕೊಂಡು ಸದಾ ಒತ್ತಿದಂತೆಯೇ ಉಳಿದರೆ ಕಂಪ್ಯೂಟರ್ ಆನ್ ಆಗಿ ನಾಲ್ಕೈದು ಸೆಕೆಂಡುಗಳಲ್ಲಿ ತಾನಾಗಿ ಆಫ್ ಆಗುತ್ತದೆ, ಏಕೆಂದರೆ ದೀರ್ಘವಾಗಿ ಒತ್ತುವುದು ಆಫ್ ಮಾಡುವ ಆದೇಶ. ಪ್ರತಿ ಸಲವೂ ಅಷ್ಟೇ ಹೊತ್ತಿಗೆ ನಿಲ್ಲುತ್ತಿದ್ದರೆ ಮೊದಲು ಇದನ್ನೇ ಅನುಮಾನಿಸಬೇಕು.

ಎಸ್‌ಎಂಪಿಎಸ್ ಪರೀಕ್ಷೆ

ಎಟಿಎಕ್ಸ್ ಎಂಬ ಸಾಮಾನ್ಯ ಮಾನದಂಡದ ಎಸ್‌ಎಂಪಿಎಸ್‌ನ 24 ಪಿನ್ನುಗಳ ಕನೆಕ್ಟರಿನಲ್ಲಿ ತಂತಿಗಳ ಬಣ್ಣವೇ ಅವುಗಳ ಗುರುತು. ಹಳದಿಯಲ್ಲಿ 12 ವೋಲ್ಟ್, ಕೆಂಪಿನಲ್ಲಿ 5 ವೋಲ್ಟ್, ಕಿತ್ತಳೆಯಲ್ಲಿ 3.3 ವೋಲ್ಟ್ ಬರುತ್ತದೆ. ಕಪ್ಪು ತಂತಿಗಳೆಲ್ಲ ಗ್ರೌಂಡ್. ನಮಗೆ ಮುಖ್ಯವಾದವು ತಲಾ ಒಂದೊಂದೇ ಇರುವ ಮೂರು ತಂತಿಗಳು: 9ನೆಯ ಪಿನ್ನಿನ ನೇರಳೆ ತಂತಿ ಸ್ಟ್ಯಾಂಡ್‌ಬೈ 5 ವೋಲ್ಟನ್ನು ತರುತ್ತದೆ, 16ನೆಯ ಪಿನ್ನಿನ ಹಸಿರು ತಂತಿಯ ಮೂಲಕ ಬೋರ್ಡ್ ‘ಆನ್ ಆಗು’ ಎಂದು ಎಸ್‌ಎಂಪಿಎಸ್‌ಗೆ ಹೇಳುತ್ತದೆ, 8ನೆಯ ಪಿನ್ನಿನ ಬೂದು ತಂತಿಯ ಮೂಲಕ ‘ಎಲ್ಲ ವೋಲ್ಟೇಜೂ ಸರಿಯಾಗಿದೆ’ ಎಂದು ಎಸ್‌ಎಂಪಿಎಸ್ ಬೋರ್ಡಿಗೆ ತಿಳಿಸುತ್ತದೆ.

ಕನೆಕ್ಟರನ್ನು ಬೋರ್ಡಿನಿಂದ ಕಳಚದೆಯೇ ಅಳೆಯುವುದು ಉತ್ತಮ. ಮಲ್ಟಿಮೀಟರನ್ನು 20 ವೋಲ್ಟ್ ಡಿಸಿಗೆ ತಿರುಗಿಸಿ, ಕಪ್ಪು ಕಡ್ಡಿಯನ್ನು ಯಾವುದಾದರೂ ಕಪ್ಪು ತಂತಿಯ ಬೆನ್ನಿನಿಂದ ಒಳಕ್ಕೆ ತಾಗಿಸಿ, ಕೆಂಪು ಕಡ್ಡಿಯನ್ನು ನೇರಳೆ ತಂತಿಗೆ ಮುಟ್ಟಿಸಬೇಕು. 4.75ರಿಂದ 5.25 ವೋಲ್ಟ್ ಒಳಗೆ ಬಂದರೆ ಸ್ಟ್ಯಾಂಡ್‌ಬೈ ಸರಿಯಿದೆ. ಸೊನ್ನೆ ಬಂದರೆ ಕನೆಕ್ಟರನ್ನು ಬೋರ್ಡಿನಿಂದ ಕಳಚಿ ಮತ್ತೊಮ್ಮೆ ಅಳೆಯಬೇಕು: ಆಗಲೂ ಸೊನ್ನೆಯಾದರೆ ಎಸ್‌ಎಂಪಿಎಸ್ ಸತ್ತಿದೆ, ಕಳಚಿದಾಗ ಮಾತ್ರ 5 ವೋಲ್ಟ್ ಕಾಣಿಸಿದರೆ ಬೋರ್ಡಿನಲ್ಲಿರುವ ಶಾರ್ಟ್ ಅದನ್ನು ಕೆಳಕ್ಕೆಳೆಯುತ್ತಿರಬಹುದು, ಇಲ್ಲವೆ ಸೊರಗಿದ ಎಸ್‌ಎಂಪಿಎಸ್‌ಗೆ ಬೋರ್ಡಿನ ಭಾರವನ್ನು ಹೊರಲಾಗದಿರಬಹುದು.

ನೇರಳೆ ಸರಿಯಿದ್ದರೆ ಕೆಂಪು ಕಡ್ಡಿಯನ್ನು ಹಸಿರು ತಂತಿಗೆ ಇಟ್ಟು, ಬೇರೊಬ್ಬರಿಂದ ಪವರ್ ಗುಂಡಿಯನ್ನು ಒತ್ತಿಸಬೇಕು. ಒತ್ತುವ ಮೊದಲು ಕೆಲವು ವೋಲ್ಟ್ ಇರುವ ಹಸಿರು ತಂತಿ ಒತ್ತಿದ ಮೇಲೆ ಸೊನ್ನೆಯ ಸಮೀಪಕ್ಕೆ ಇಳಿಯಬೇಕು. ನನ್ನ ಮಟ್ಟಿಗೆ ಇಡೀ ಪರೀಕ್ಷಾಕ್ರಮದಲ್ಲಿ ಅತಿ ಹೆಚ್ಚು ತಿಳಿಸುವ ಅಳತೆ ಇದು, ಏಕೆಂದರೆ ದೋಷ ಯಾವ ಕಡೆಯಿದೆ ಎಂಬುದು ಇದರಿಂದ ಎರಡಾಗಿ ಸೀಳಿದಂತೆ ಸ್ಪಷ್ಟವಾಗುತ್ತದೆ. ಗುಂಡಿ ಒತ್ತಿದರೂ ಹಸಿರು ತಂತಿ ಇಳಿಯದಿದ್ದರೆ ಬೋರ್ಡ್ ಆದೇಶವನ್ನೇ ಕೊಡುತ್ತಿಲ್ಲ. ಸ್ವಿಚ್ಚನ್ನು ಈಗಾಗಲೇ ಪರೀಕ್ಷಿಸಿದ್ದರೆ ಉಳಿಯುವುದು ಮದರ್‌ಬೋರ್ಡ್. ಹಸಿರು ಇಳಿದರೂ ಹಳದಿಯಲ್ಲಿ 12 ವೋಲ್ಟ್ ಬಾರದಿದ್ದರೆ ಆದೇಶ ತಲುಪಿದೆ, ಆದರೆ ಎಸ್‌ಎಂಪಿಎಸ್ ಅದನ್ನು ಪಾಲಿಸುತ್ತಿಲ್ಲ. ಅದು ತಾನೇ ಕೆಟ್ಟಿರಬೇಕು, ಅಥವಾ ಎಲ್ಲಿಯೋ ಇರುವ ಶಾರ್ಟನ್ನು ಕಂಡು ಹಿಂಜರಿದಿರಬೇಕು.

ಮಲ್ಟಿಮೀಟರ್ ಇಲ್ಲದವರು ಮಾಡಬಹುದಾದದ್ದು ಪೇಪರ್ ಕ್ಲಿಪ್ ಪರೀಕ್ಷೆ. ಪ್ಲಗ್ ಕಿತ್ತು, ಎಸ್‌ಎಂಪಿಎಸ್‌ನ ಎಲ್ಲ ಕನೆಕ್ಟರುಗಳನ್ನೂ ಬೋರ್ಡಿನಿಂದ ಮತ್ತು ಡಿಸ್ಕುಗಳಿಂದ ಬಿಡಿಸಿ, ಒಂದು ಕ್ಯಾಬಿನೆಟ್ ಫ್ಯಾನನ್ನು ಮಾತ್ರ ಅದಕ್ಕೆ ಜೋಡಿಸಿ, ದೊಡ್ಡ ಕನೆಕ್ಟರಿನ ಹಸಿರು ತಂತಿಯ ರಂಧ್ರವನ್ನೂ ಪಕ್ಕದ ಕಪ್ಪು ತಂತಿಯ ರಂಧ್ರವನ್ನೂ ಬಾಗಿಸಿದ ಕ್ಲಿಪ್ಪಿನಿಂದ ಜೋಡಿಸಬೇಕು. ಆಮೇಲಷ್ಟೇ ಪ್ಲಗ್ ಹಾಕಿ, ಕ್ಲಿಪ್ಪನ್ನು ಮುಟ್ಟದೆ ಸ್ವಿಚ್ ಆನ್ ಮಾಡಬೇಕು. ಫ್ಯಾನ್ ತಿರುಗಿದರೆ ಎಸ್‌ಎಂಪಿಎಸ್‌ಗೆ ಜೀವವಿದೆ ಎಂದಷ್ಟೇ ತಿಳಿಯಿತು. ಪೂರ್ತಿ ಭಾರವನ್ನು ಹೊರುವ ಶಕ್ತಿ ಅದಕ್ಕೆ ಉಳಿದಿದೆಯೇ ಎಂಬುದು ಇದರಿಂದ ತಿಳಿಯುವುದಿಲ್ಲ. ಎಸ್‌ಎಂಪಿಎಸ್‌ನ ಸ್ವಂತ ಫ್ಯಾನ್ ತಿರುಗಲಿಲ್ಲವೆಂದು ಗಾಬರಿಯಾಗಬೇಕಿಲ್ಲ, ಬಿಸಿಯಾಗುವವರೆಗೆ ಫ್ಯಾನ್ ತಿರುಗಿಸದ ಮಾದರಿಗಳೂ ಇವೆ.

ಎರಡು ಎಚ್ಚರಿಕೆಗಳನ್ನು ಇಲ್ಲಿ ಹೇಳಲೇಬೇಕು. ಈಗಿನ ಅನೇಕ ಎಸ್‌ಎಂಪಿಎಸ್‌ಗಳಲ್ಲಿ ಎಲ್ಲ ತಂತಿಗಳೂ ಕಪ್ಪಾಗಿರುತ್ತವೆ. ಆಗ ಬಣ್ಣದ ಬದಲು ಪಿನ್ನಿನ ಸಂಖ್ಯೆಯ ನಕ್ಷೆಯನ್ನು ಮುಂದಿಟ್ಟುಕೊಂಡು 16ನೆಯ ಪಿನ್ನನ್ನೂ ಅದರ ಅಕ್ಕಪಕ್ಕದ 15 ಅಥವಾ 17ನೆಯ ಪಿನ್ನನ್ನೂ ಖಚಿತಪಡಿಸಿಕೊಳ್ಳಬೇಕು. ಜೊತೆಗೆ, ಡೆಲ್, ಎಚ್‌ಪಿ, ಲೆನೊವೊ ಕಂಪನಿಗಳ ಹಲವು ಸಿದ್ಧ ಡೆಸ್ಕ್‌ಟಾಪ್‌ಗಳಲ್ಲಿ 24 ಪಿನ್ನುಗಳ ಕನೆಕ್ಟರೇ ಇರುವುದಿಲ್ಲ, ಅವುಗಳಿಗೆ ಮೇಲಿನ ಬಣ್ಣಗಳ ಲೆಕ್ಕ ಹೊಂದುವುದಿಲ್ಲ. ಡೆಲ್‌ನ ಕೆಲವು ಮಾದರಿಗಳಲ್ಲಿ ಎಸ್‌ಎಂಪಿಎಸ್ ಹಿಂಬದಿಯಲ್ಲಿಯೇ ಪುಟ್ಟ ಪರೀಕ್ಷಾ ಗುಂಡಿ ಮತ್ತು ಹಸಿರು ದೀಪ ಇರುತ್ತವೆ.

ಒಂದೊಂದೇ ಭಾಗವನ್ನು ಕಳಚುವುದು

ಎಸ್‌ಎಂಪಿಎಸ್ ಒಂಟಿಯಾಗಿ ಆನ್ ಆಗುತ್ತದೆ, ಬೋರ್ಡಿಗೆ ಜೋಡಿಸಿದಾಗ ಆಗುವುದಿಲ್ಲ ಅಥವಾ ಅರೆಕ್ಷಣ ಮಿಸುಕಿ ನಿಲ್ಲುತ್ತದೆ ಎಂದಾದರೆ ಶಾರ್ಟ್ ಎಲ್ಲಿದೆ ಎಂದು ಹುಡುಕಬೇಕು. ಹಾರ್ಡ್ ಡಿಸ್ಕ್, ಡಿವಿಡಿ ಡ್ರೈವ್, ಗ್ರಾಫಿಕ್ಸ್ ಕಾರ್ಡ್, ಮುಂಭಾಗದ ಯುಎಸ್‌ಬಿ ತಂತಿ ಇವೆಲ್ಲವನ್ನೂ ತೆಗೆದು, ಬೋರ್ಡ್, ಪ್ರೊಸೆಸರ್, ಅದರ ಫ್ಯಾನ್ ಮತ್ತು ಒಂದೇ ಒಂದು ರ‍್ಯಾಮ್ ಮಾತ್ರ ಉಳಿಯುವಂತೆ ಮಾಡಿ ಆನ್ ಮಾಡಬೇಕು. ಆನ್ ಆದರೆ ತೆಗೆದ ಭಾಗಗಳನ್ನು ಒಂದೊಂದಾಗಿ ಸೇರಿಸುತ್ತ, ಪ್ರತಿ ಸಲವೂ ಪ್ಲಗ್ ಕಿತ್ತು ಜೋಡಿಸುತ್ತ, ಯಾವುದನ್ನು ಸೇರಿಸಿದಾಗ ಮತ್ತೆ ನಿಲ್ಲುತ್ತದೆ ಎಂದು ನೋಡಬೇಕು. ಆತುರದಲ್ಲಿ ಎರಡು ಭಾಗಗಳನ್ನು ಒಟ್ಟಿಗೆ ಸೇರಿಸಿದರೆ ಇಡೀ ಶ್ರಮ ವ್ಯರ್ಥವಾಗುತ್ತದೆ.

ಇಷ್ಟು ಕಡಿಮೆ ಭಾಗಗಳಿದ್ದರೂ ಆನ್ ಆಗದಿದ್ದರೆ ಪ್ರೊಸೆಸರ್ ಪಕ್ಕದ 4 ಅಥವಾ 8 ಪಿನ್ನುಗಳ ಕನೆಕ್ಟರನ್ನು ಮಾತ್ರ ಕಳಚಿ ಗುಂಡಿ ಒತ್ತಬೇಕು. ಈಗ ಫ್ಯಾನುಗಳು ತಿರುಗತೊಡಗಿದರೆ ಪ್ರೊಸೆಸರಿಗೆ ವಿದ್ಯುತ್ತು ಕೊಡುವ ಭಾಗದಲ್ಲಿ, ಅಂದರೆ ಬೋರ್ಡಿನ ಆ ಮೂಲೆಯಲ್ಲಿ, ಶಾರ್ಟ್ ಇದೆ ಎಂದು ಹೇಳಬಹುದು. ಇದು ಮನೆಯಲ್ಲಿ ಸರಿಪಡಿಸುವ ಕೆಲಸವಲ್ಲ. ಚಿಪ್ ಮಟ್ಟದ ದುರಸ್ತಿ ಮಾಡುವವರಿಗೆ ಒಪ್ಪಿಸಬೇಕು.

ಫ್ಯಾನ್ ತಿರುಗಿದರೂ ಪರದೆ ಮೂಡದಿದ್ದರೆ

ಮಾನಿಟರಿನ ತಂತಿ ಸರಿಯಾದ ಪೋರ್ಟಿನಲ್ಲಿದೆಯೇ ಎಂಬುದು ಮೊದಲ ಪ್ರಶ್ನೆ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇರುವ ಯಂತ್ರದಲ್ಲಿ ಆ ಕಾರ್ಡಿನ ಪೋರ್ಟಿಗೇ ಮಾನಿಟರನ್ನು ಜೋಡಿಸಬೇಕು. ಹೆಸರಿನ ಕೊನೆಗೆ ‘ಎಫ್’ ಅಕ್ಷರವಿರುವ ಇಂಟೆಲ್ ಪ್ರೊಸೆಸರುಗಳಲ್ಲಿ ಒಳಗ್ರಾಫಿಕ್ಸ್ ಇಲ್ಲದಿರುವುದರಿಂದ ಬೋರ್ಡಿನ ಪೋರ್ಟಿನಿಂದ ಏನೂ ಬರುವುದಿಲ್ಲ. ಎರಡನೆಯದು ರ‍್ಯಾಮ್. ಅದನ್ನು ಹೊರತೆಗೆದು, ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿಯನ್ನು ಒಣ ಬಟ್ಟೆಯಿಂದ ಒರೆಸಿ, ಬೇರೆ ಸ್ಲಾಟಿನಲ್ಲಿ ಎರಡು ತುದಿಯೂ ಕಚ್ಚಿಕೊಳ್ಳುವಂತೆ ಕೂರಿಸಬೇಕು. ಕರಾವಳಿಯ ತೇವದ ಹವೆಯಲ್ಲಿ ಈ ಅಂಚುಗಳ ಮೇಲೆ ಬೇಗ ಕಿಲುಬು ಕೂರುವುದರಿಂದ ಅಲ್ಲಿನ ದುರಸ್ತಿಗಾರರು ಬಹುಪಾಲು ಈ ಕೆಲಸದಿಂದಲೇ ಆರಂಭಿಸುತ್ತಾರೆ. ಮೂರನೆಯದು ಬೋರ್ಡಿನ ಮೇಲಿರುವ ನಾಣ್ಯದಾಕಾರದ ಸಿಆರ್2032 ಬ್ಯಾಟರಿ. ಪ್ಲಗ್ ಕಿತ್ತು ಅದನ್ನು ಐದು ನಿಮಿಷ ಹೊರಗಿಟ್ಟು ಮತ್ತೆ ಹಾಕಿದರೆ ಬಯಾಸ್ (ಕಂಪ್ಯೂಟರನ್ನು ಆರಂಭಿಸುವ ಮೂಲ ತಂತ್ರಾಂಶ) ಸೆಟ್ಟಿಂಗುಗಳು ಮೊದಲಿನಂತಾಗುತ್ತವೆ. 3 ವೋಲ್ಟಿನ ಆ ಬ್ಯಾಟರಿ ಹಳೆಯದಾಗಿದ್ದರೆ ಹೊಸದನ್ನೇ ಹಾಕುವುದು ಲೇಸು. ಬೋರ್ಡ್ ‘ಬೀಪ್’ ಸದ್ದು ಮಾಡುತ್ತಿದ್ದರೆ ಅಥವಾ ಅದರ ಅಂಚಿನಲ್ಲಿ ಪ್ರೊಸೆಸರ್, ರ‍್ಯಾಮ್, ಗ್ರಾಫಿಕ್ಸ್ ಎಂದು ಗುರುತಿಸಿದ ದೀಪಗಳಲ್ಲಿ ಒಂದು ಉರಿದೇ ಇದ್ದರೆ ಕೈಪಿಡಿಯನ್ನು ತೆರೆದು ಅದರ ಅರ್ಥ ನೋಡಬೇಕು. ಬೀಪ್ ಸಂಕೇತಗಳು ಬೋರ್ಡಿನಿಂದ ಬೋರ್ಡಿಗೆ ಬೇರೆಯಾಗಿರುವುದರಿಂದ ಎಲ್ಲಿಯೋ ಓದಿದ ಪಟ್ಟಿಯನ್ನು ನಂಬಬಾರದು.

ಸಿಡಿಲಿನ ನಂತರ

ಏಪ್ರಿಲ್ ಮತ್ತು ಮೇ ತಿಂಗಳ ಗುಡುಗುಮಳೆಯಲ್ಲಿ ಕೆಟ್ಟುನಿಂತ ಕಂಪ್ಯೂಟರುಗಳ ಪರೀಕ್ಷೆಗೆ ಒಂದು ಮಾತನ್ನು ಸೇರಿಸಬೇಕು. ಸಿಡಿಲಿನ ಆಘಾತ ವಿದ್ಯುತ್ ತಂತಿಯಲ್ಲಿ ಮಾತ್ರವಲ್ಲದೆ ಲ್ಯಾನ್ ಕೇಬಲಿನ ಮೂಲಕವೂ ಬರುತ್ತದೆ. ಇಂಟರ್ನೆಟ್ ಸಂಪರ್ಕ ಫೈಬರಿನದಾಗಿದ್ದರೂ ರೂಟರಿನಿಂದ ಕಂಪ್ಯೂಟರಿಗೆ ಬರುವುದು ತಾಮ್ರದ ತಂತಿಯೇ. ರೂಟರಿನ ಅಡಾಪ್ಟರ್ ಮೂಲಕ ಹೊಕ್ಕ ಆಘಾತ ಆ ದಾರಿಯಲ್ಲಿ ಮದರ್‌ಬೋರ್ಡನ್ನು ತಲುಪಬಲ್ಲದು. ರೂಟರ್ ಮತ್ತು ಕಂಪ್ಯೂಟರ್ ಒಂದೇ ರಾತ್ರಿ ನಿಂತಿದ್ದರೆ ಎಸ್‌ಎಂಪಿಎಸ್ ಬದಲಿಸಿದ ಮಾತ್ರಕ್ಕೆ ಸರಿಹೋದೀತೆಂಬ ನಿರೀಕ್ಷೆ ಬೇಡ. ಮೊದಲು ಹಸಿರು ತಂತಿಯ ಪರೀಕ್ಷೆಯನ್ನು ಮಾಡಿ, ಬೋರ್ಡ್ ಉಳಿದಿದೆಯೇ ಎಂದು ಖಚಿತಪಡಿಸಿಕೊಂಡ ಮೇಲೆ ಹಣ ಖರ್ಚು ಮಾಡಬೇಕು. ಹತ್ತಿರದ ಸಿಡಿಲನ್ನು ಸ್ಪೈಕ್ ಬಸ್ಟರ್ ಆಗಲಿ ಯುಪಿಎಸ್ ಆಗಲಿ ತಡೆಯಲಾರದು, ಪ್ಲಗ್ ಮತ್ತು ಲ್ಯಾನ್ ಕೇಬಲ್ ಎರಡನ್ನೂ ಕಿತ್ತಿಡುವುದೊಂದೇ ನಂಬಬಹುದಾದ ರಕ್ಷಣೆ.

ಎಸ್‌ಎಂಪಿಎಸ್ ಕೊಳ್ಳುವಾಗ, ಅಂಗಡಿಗೆ ಒಯ್ಯುವಾಗ

ದೋಷ ಎಸ್‌ಎಂಪಿಎಸ್‌ನದು ಎಂದು ಖಚಿತವಾದರೆ ಹಳೆಯದರ ಲೇಬಲಿನ ಫೋಟೊ ತೆಗೆದುಕೊಂಡು ಹೋಗಬೇಕು. ಬೆಂಗಳೂರಿನ ಎಸ್‌.ಪಿ. ರಸ್ತೆಯಂಥ ಮಾರುಕಟ್ಟೆಗಳಲ್ಲಿ ಕ್ಯಾಬಿನೆಟ್ಟಿನ ಜೊತೆಗೆ ಬರುವಂಥ ಅಗ್ಗದ ಎಸ್‌ಎಂಪಿಎಸ್‌ಗಳು ಬೇಕಾದಷ್ಟು ಸಿಗುತ್ತವೆ. ಅವುಗಳ ಮೇಲೆ ದಪ್ಪಕ್ಷರದಲ್ಲಿ ಬರೆದ ವ್ಯಾಟ್ ಸಂಖ್ಯೆಯನ್ನು ನೋಡುವುದಕ್ಕಿಂತ, ಕೆಳಗಿನ ಕೋಷ್ಟಕದಲ್ಲಿ 12 ವೋಲ್ಟಿಗೆ ಎಷ್ಟು ಆಂಪಿಯರ್ ಎಂದು ನಮೂದಿಸಿದೆ ಎಂಬುದನ್ನು ನೋಡಿ 12ರಿಂದ ಗುಣಿಸಬೇಕು. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡಿಗೆ ನಿಜವಾಗಿ ದೊರೆಯುವುದು ಹೆಚ್ಚುಕಡಿಮೆ ಅಷ್ಟೇ. ಹಳೆಯ ಎಸ್‌ಎಂಪಿಎಸ್ ವಾರಂಟಿಯಲ್ಲಿದ್ದರೆ ಬಿಲ್ ಹುಡುಕಿ ಇಟ್ಟುಕೊಳ್ಳಬೇಕು, ಅದರ ಮೇಲಿನ ಸ್ಟಿಕ್ಕರನ್ನು ಹರಿಯಬಾರದು. ಬಿಡಿಸಿ ಜೋಡಿಸಬಹುದಾದ ಕೇಬಲುಗಳಿರುವ ಮಾದರಿಯಾದರೆ ಹಳೆಯ ಕೇಬಲುಗಳನ್ನು ಹೊಸದಕ್ಕೆ ಹಾಕಲೇಬಾರದು. ನೋಡಲು ಒಂದೇ ಬಗೆಯಾಗಿದ್ದರೂ ಎಸ್‌ಎಂಪಿಎಸ್ ಕಡೆಯ ತುದಿಯ ಪಿನ್ನುಗಳ ಜೋಡಣೆ ಕಂಪನಿಯಿಂದ ಕಂಪನಿಗೆ ಬೇರೆಯಾಗಿರುತ್ತದೆ, ಮತ್ತು ಆ ಒಂದು ತಪ್ಪಿನಿಂದ ಹಾರ್ಡ್ ಡಿಸ್ಕ್ ಸುಟ್ಟುಹೋಗಬಹುದು.

ದುರಸ್ತಿಗೆ ಒಯ್ಯುವುದೇ ಆದರೆ ಹಾರ್ಡ್ ಡಿಸ್ಕ್ ಅಥವಾ ಎಸ್‌ಎಸ್‌ಡಿಯನ್ನು ಮನೆಯಲ್ಲಿಯೇ ತೆಗೆದಿರಿಸಬಹುದು. ಕಂಪ್ಯೂಟರ್ ಆನ್ ಆಗದಿರುವ ದೋಷವನ್ನು ಪತ್ತೆ ಹಚ್ಚಲು ಅದರ ಅಗತ್ಯವಿಲ್ಲ, ನಿಮ್ಮ ಕಡತಗಳೂ ಫೋಟೊಗಳೂ ನಿಮ್ಮ ಬಳಿಯೇ ಉಳಿಯುತ್ತವೆ. ಗುಂಡಿ ಒತ್ತಿದಾಗ ಏನಾಗುತ್ತದೆ, ನೇರಳೆ ಮತ್ತು ಹಸಿರು ತಂತಿಗಳಲ್ಲಿ ಎಷ್ಟು ವೋಲ್ಟ್ ಕಂಡಿತು, ಯಾವ ಭಾಗಗಳನ್ನು ಕಳಚಿ ನೋಡಿದ್ದೀರಿ ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಡಿ. ಎಸ್‌ಎಂಪಿಎಸ್ ಮತ್ತು ಮದರ್‌ಬೋರ್ಡ್ ಎರಡೂ ಹೋಗಿವೆ ಎಂದು ಅವರು ಹೇಳಿದರೆ, ಚೆನ್ನಾಗಿರುವ ಬೇರೊಂದು ಎಸ್‌ಎಂಪಿಎಸ್ ಜೋಡಿಸಿ ನಿಮ್ಮ ಬೋರ್ಡನ್ನು ನಿಮ್ಮೆದುರಿಗೇ ಪರೀಕ್ಷಿಸಿ ತೋರಿಸುವಂತೆ ಕೇಳಿ, ಬದಲಿಸಿದ ಹಳೆಯ ಭಾಗಗಳನ್ನು ವಾಪಸ್ ಪಡೆದುಕೊಳ್ಳಿ.